ತಿಮಿಂಗಿಲಕ್ಕೂ ನಮಗೂ ನೂರು ಗಜ

ನಮ್ಮ ನ್ಯೂಸ್ ರೂಮಿನಲ್ಲಿ ತಿಮಿಂಗಿಲ ಅನ್ನೋ ಪದ ಹೆಚ್ಚಾಗಿ ಎರಡು ಸಂದರ್ಭದಲ್ಲಿ ಕೇಳಿಬರುತ್ತೆ. ಒಂದು, ಲೋಕಾಯುಕ್ತ ದಾಳಿ ಆದಾಗ. ಯಾವುದೋ ಅಧಿಕಾರಿಯ ಮನೆ ಬೀರುವಿನಲ್ಲಿ ಕೆಜಿಗಟ್ಟಲೆ ಚಿನ್ನ, ಕಂತೆ ಕಂತೆ ನೋಟು ಸಿಕ್ಕರೆ ಸಾಕು, 'ಲೋಕಾ ಬಲೆಗೆ ಭ್ರಷ್ಟ ತಿಮಿಂಗಿಲ' ಅಂತ ಪರದೆಯ ಕೆಳಗೆ ಕೆಂಪು ಪಟ್ಟಿ ಓಡೋಕೆ ಶುರುವಾಗುತ್ತೆ. ಇನ್ನೊಂದು, 'ತಿಮಿಂಗಿಲ ವಾಂತಿ'. ಕೋಟಿ ಬೆಲೆಯ ಅಂಬರ್‌ಗ್ರಿಸ್ ಮಾರೋಕೆ ಬಂದವರನ್ನ ಪೊಲೀಸರು ಹಿಡಿದ ಸುದ್ದಿ. ಸ್ಪರ್ಮ್ ವೇಲ್ ಅನ್ನೋ ಜಾತಿಯ ತಿಮಿಂಗಿಲದ ಕರುಳಿನಲ್ಲಿ ತಯಾರಾಗೋ ಗಟ್ಟಿ ವಸ್ತು ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದಲ್ಲಿ ಅದರ ವ್ಯಾಪಾರ ಅಪರಾಧ.

ಮೊದಲನೆಯದರಲ್ಲಿ ತಿಮಿಂಗಿಲ ಅನ್ನೋದು ಬೈಗುಳ. ಎರಡನೆಯದರಲ್ಲಿ ದುಡ್ಡು. ಉಸಿರಾಡೋ, ಮರಿ ಹಾಕೋ, ಹಾಲು ಕುಡಿಸೋ, ಹಾಡು ಹೇಳೋ ನಿಜವಾದ ತಿಮಿಂಗಿಲ ನಮ್ಮ ಬುಲೆಟಿನ್‌ಗೆ ಬರೋದು ಸತ್ತು ದಡಕ್ಕೆ ಬಂದು ಬಿದ್ದಾಗ ಮಾತ್ರ. ಅದೂ ಮೂವತ್ತು ಸೆಕೆಂಡ್.

ಇವತ್ತು ಜೀವಂತ ತಿಮಿಂಗಿಲದ ಬಗ್ಗೆ ಮಾತಾಡೋಣ. ಎರಡು ಸಮುದ್ರದ ಕಥೆ ಇದು. ಒಂದು, ಸಾವಿರಾರು ಮೈಲಿ ಆಚೆಗಿನ ಪೆಸಿಫಿಕ್. ಅಲ್ಲಿ ನಾನು ಈ ಪ್ರಾಣಿಯನ್ನ ಕಣ್ಣಾರೆ ಕಂಡೆ. ಇನ್ನೊಂದು, ನಮ್ಮ ಮಲ್ಪೆ, ಕಾರವಾರದ ದಡಕ್ಕೆ ಬಂದು ಬಡಿಯೋ ಅರಬ್ಬಿ ಸಮುದ್ರ. ಇಲ್ಲೂ ಅದೇ ಪ್ರಾಣಿ ಇದೆ. ಅಲ್ಲಿ ಅದು ಅಳಿವಿನ ಅಂಚಿನಿಂದ ವಾಪಸ್ ಬಂತು, ಇಲ್ಲಿ ಬರಲಿಲ್ಲ. ಯಾಕೆ? ಅದನ್ನ ಅರ್ಥ ಮಾಡಿಕೊಳ್ಳಬೇಕು ಅಂದ್ರೆ ಮೊದಲು ದೋಣಿ ಹತ್ತಬೇಕು.

ನನ್ನ ಅಕ್ಕ, ಭಾವ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಒಂದು ಫೆಬ್ರವರಿಯಲ್ಲಿ ನಾವೆಲ್ಲ ಸೇರಿ ಹವಾಯಿಯ ಮಾವಿ ದ್ವೀಪಕ್ಕೆ ಹೋಗಿದ್ವಿ. ಅಲ್ಲಿಂದ ಮೊಲೊಕಿನಿ ಅನ್ನೋ ಜಾಗಕ್ಕೆ ಸ್ನಾರ್ಕೆಲಿಂಗ್ ದೋಣಿಗಳು ಹೊರಡುತ್ತವೆ. ಮೊಲೊಕಿನಿ ಅಂದ್ರೆ ಸಮುದ್ರದಲ್ಲಿ ಅರ್ಧ ಮುಳುಗಿದ ಜ್ವಾಲಾಮುಖಿಯ ಬಾಯಿ. ನೀರಿನ ಮೇಲೆ ಬಿದಿಗೆ ಚಂದ್ರನ ಆಕಾರದಲ್ಲಿ ಒಂದು ಕಲ್ಲಿನ ಅಂಚು ಮಾತ್ರ ಕಾಣುತ್ತೆ. 1977ರಿಂದ ಅದು ಸಂರಕ್ಷಿತ ಪ್ರದೇಶ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಬಂದವರಿಗೆ ಸ್ನಾರ್ಕೆಲಿಂಗ್ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ: ಮುಖಕ್ಕೆ ಗಾಜಿನ ಮಾಸ್ಕ್, ಬಾಯಲ್ಲಿ ಒಂದು ಕೊಳವೆ, ಕಾಲಿಗೆ ಬಾತುಕೋಳಿ ಪಾದದಂಥ ಫಿನ್. ಬೋರಲಾಗಿ ತೇಲುತ್ತಾ ಕೆಳಗಿನ ಲೋಕ ನೋಡೋದು. ಸ್ಕೂಬಾ ಥರ ಸಿಲಿಂಡರ್ ಇಲ್ಲ, ಆಳಕ್ಕೆ ಇಳಿಯೋದೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಗುತ್ತೆ ಅಂತ ದೋಣಿಗಳು ಬೆಳಗ್ಗೆ ಬೇಗ ಹೊರಟುಬಿಡುತ್ತವೆ. ಮೊಲೊಕಿನಿ ತಲುಪಿ ನೀರಿಗೆ ಇಳಿದೆವು. ನೀರು ಎಷ್ಟು ತಿಳಿ ಅಂದ್ರೆ ಎಷ್ಟೋ ಅಡಿ ಕೆಳಗಿನ ಹವಳದ ಮೇಲೆ ನಮ್ಮದೇ ನೆರಳು ಬಿದ್ದಿರೋದು ಕಾಣ್ತಿತ್ತು. ಹಳದಿ ಮೀನು, ಕಪ್ಪು ಪಟ್ಟೆಯ ಮೀನು ಎಲ್ಲ ಇದ್ವು. ಆದರೆ ಒಂದೆರಡು ನಿಮಿಷಕ್ಕೆ ನನ್ನ ಗಮನ ಕಣ್ಣಿನಿಂದ ಕಿವಿಗೆ ಹೋಯ್ತು. ಏನೋ ಕೇಳಿಸ್ತಿದೆ. ಹಳೇ ಮರದ ಬಾಗಿಲು ನಿಧಾನವಾಗಿ ತೆರೆದ ಹಾಗೆ. ಆಮೇಲೆ ಎಮ್ಮೆ ದೂರದಲ್ಲಿ ಕೂಗಿದ ಹಾಗೆ. ಆಮೇಲೆ ತೆಳ್ಳನೆಯ ಒಂದು ಕೀರಲು. ಸ್ವಲ್ಪ ನಿಲ್ಲುತ್ತೆ, ಮತ್ತೆ ಅದೇ ಸಾಲು. ತಲೆ ಎತ್ತಿದರೆ ಏನೂ ಇಲ್ಲ, ಬರೀ ಅಲೆಯ ಸದ್ದು. ತಲೆ ಮುಳುಗಿಸಿದರೆ ಮತ್ತೆ ಶುರು.

ಅಕ್ಕನ ಮಗಳು ಪಕ್ಕದಲ್ಲೇ ತೇಲ್ತಿದ್ದಳು. ಎಂಟು ವರ್ಷ. ಬಾಯಿಂದ ಕೊಳವೆ ತೆಗೆದು ಕೇಳಿದಳು: "ಚಿಕ್ಕಿ, ಯಾರು ಅಳ್ತಿರೋದು?"

ಅಳ್ತಿರಲಿಲ್ಲ, ಹಾಡ್ತಿತ್ತು. ಗಂಡು ಹಂಪ್‌ಬ್ಯಾಕ್ ತಿಮಿಂಗಿಲ. ಮುಳುಗೋವಾಗ ಬೆನ್ನನ್ನ ಗೂನಿನ ಥರ ಬಾಗಿಸೋದರಿಂದ ಆ ಹೆಸರು. ಗೂನುಬೆನ್ನಿನ ತಿಮಿಂಗಿಲ ಅಂತ ನಾವು ಕರೀಬಹುದು.

ಸರಿ, ಹಾಡು ಕೇಳಿಸ್ತು. ಎಲ್ಲಿಂದ ಬಂತು? ಎಡಗಡೆಯಿಂದಲಾ, ಬಲಗಡೆಯಿಂದಲಾ? ಹೇಳೋಕೇ ಆಗಲ್ಲ. ಇಡೀ ಸಮುದ್ರವೇ ಹಾಡ್ತಿದೆ ಅನ್ಸುತ್ತೆ. ಇದಕ್ಕೆ ಕಾರಣ ಭೌತಶಾಸ್ತ್ರ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ನೀರಿನಲ್ಲಿ ಸುಮಾರು 1500 ಮೀಟರ್. ನಮ್ಮ ಮೆದುಳು ಶಬ್ದದ ದಿಕ್ಕು ಕಂಡುಹಿಡಿಯೋ ಒಂದು ಮುಖ್ಯ ಉಪಾಯ ಏನು ಗೊತ್ತಾ? ಒಂದು ಕಿವಿಗೂ ಇನ್ನೊಂದು ಕಿವಿಗೂ ಶಬ್ದ ತಲುಪೋ ಸಮಯದಲ್ಲಿ ಇರೋ ಕೂದಲೆಳೆಯಷ್ಟು ವ್ಯತ್ಯಾಸ. ನೀರಿನಲ್ಲಿ ಆ ವ್ಯತ್ಯಾಸ ನಾಲ್ಕು ಪಟ್ಟಿಗಿಂತ ಹೆಚ್ಚು ಕಡಿಮೆಯಾಗಿಬಿಡುತ್ತೆ. ಮೆದುಳು ಕೈಚೆಲ್ಲುತ್ತೆ. ಹಾಗಾಗಿ ಹಾಡೋನು ನೂರು ಮೀಟರ್ ದೂರದಲ್ಲಿದ್ದಾನೋ, ಕಿಲೋಮೀಟರ್‌ಗಟ್ಟಲೆ ದೂರದಲ್ಲಿದ್ದಾನೋ ನಮಗೆ ತಿಳಿಯೋದಿಲ್ಲ. ಗಾಳಿಗಿಂತ ನೀರಿನಲ್ಲಿ ಶಬ್ದ ಎಷ್ಟೋ ದೂರ ಸಾಗುತ್ತೆ. ಬೆಳಕು ಹಾಗಲ್ಲ, ಸ್ವಲ್ಪ ದೂರಕ್ಕೇ ಮಂಕಾಗುತ್ತೆ. ಅದಕ್ಕೇ ಕಡಲಿನ ಪ್ರಾಣಿಗಳಿಗೆ ಕಿವಿಯೇ ಕಣ್ಣು.

ಈ ಹಾಡು ಬಾಯಿಗೆ ಬಂದ ಹಾಗೆ ಕೂಗೋ ಕೂಗಲ್ಲ. ಅದಕ್ಕೆ ಸಾಲುಗಳಿವೆ, ಸಾಲುಗಳು ಸೇರಿ ಚರಣ ಆಗುತ್ತೆ, ಚರಣಗಳು ಒಂದು ಕ್ರಮದಲ್ಲಿ ಬರುತ್ತವೆ. ಒಂದು ಸುತ್ತು ಮುಗಿಯೋಕೆ ಹತ್ತಿಪ್ಪತ್ತು ನಿಮಿಷ ಹಿಡಿಯುತ್ತೆ, ಆಮೇಲೆ ಮತ್ತೆ ಮೊದಲಿಂದ. ಹಾಡೋದು ಗಂಡು ಮಾತ್ರ. ಒಂದು ಸಮುದ್ರದ ಗಂಡುಗಳೆಲ್ಲ ಒಂದು ಋತುವಿನಲ್ಲಿ ಹೆಚ್ಚುಕಡಿಮೆ ಒಂದೇ ಹಾಡು ಹೇಳುತ್ತವೆ. ವರ್ಷದಿಂದ ವರ್ಷಕ್ಕೆ ಆ ಹಾಡು ಬದಲಾಗುತ್ತಾ ಹೋಗುತ್ತೆ, ಎಲ್ಲರೂ ಹೊಸದನ್ನ ಕಲಿಯುತ್ತಾರೆ. ನಮ್ಮ ಸಿನಿಮಾ ಹಾಡಿನ ಹಾಗೆ. ಈ ವರ್ಷ ಆಟೋದಲ್ಲಿ, ಮದುವೆ ಮನೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಒಂದೇ ಹಾಡು. ಮುಂದಿನ ವರ್ಷ ಇನ್ನೊಂದು.

ಜಗತ್ತು ಈ ಹಾಡನ್ನ ಮೊದಲು ಗಮನಿಸಿದ್ದೂ ಒಬ್ಬ ಎಂಜಿನಿಯರ್ ದೆಸೆಯಿಂದ. ಫ್ರಾಂಕ್ ವಾಟ್ಲಿಂಗ್ಟನ್ ಅಂತ, ಬರ್ಮುಡಾದಲ್ಲಿ ಅಮೆರಿಕದ ನೌಕಾಪಡೆಗೆ ಕೆಲಸ ಮಾಡ್ತಿದ್ದವರು. ನೀರೊಳಗಿನ ಮೈಕ್ ಅಂದ್ರೆ ಹೈಡ್ರೋಫೋನ್ ಇಟ್ಟು ಕಡಲಿನ ಸದ್ದು ಕೇಳ್ತಿದ್ದಾಗ ಈ ಧ್ವನಿ ಸಿಕ್ಕಿತು. ಆ ಟೇಪುಗಳನ್ನ ಅವರು ಜೀವವಿಜ್ಞಾನಿ ರೋಜರ್ ಪೇಯ್ನ್‌ಗೆ ಕೊಟ್ಟರು. ಇದು ಬರೀ ಸದ್ದಲ್ಲ, ಪುನರಾವರ್ತನೆ ಆಗೋ ಹಾಡು ಅಂತ ಪೇಯ್ನ್ ಮತ್ತು ಸ್ಕಾಟ್ ಮ್ಯಾಕ್‌ವೇ 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅದಕ್ಕೂ ಒಂದು ವರ್ಷ ಮುಂಚೆ, 1970ರಲ್ಲಿ, ಆ ಹಾಡುಗಳ ಗ್ರಾಮಫೋನ್ ರೆಕಾರ್ಡ್ ಮಾರುಕಟ್ಟೆಗೆ ಬಂದಿತ್ತು. ಲಕ್ಷಾಂತರ ಜನ ಕೊಂಡು ಕೇಳಿದರು. ಅಲ್ಲಿಯವರೆಗೆ ತಿಮಿಂಗಿಲ ಅಂದ್ರೆ ಎಣ್ಣೆ, ಮಾಂಸ, ಗೊಬ್ಬರ. ಈಗ ಅದಕ್ಕೆ ಒಂದು ದನಿ ಬಂತು.

ಕನ್ನಡಿಗರಿಗೆ ಇನ್ನೊಂದು ಸಂಗತಿ ಹೇಳಲೇಬೇಕು. 1977ರಲ್ಲಿ ನಾಸಾ ಎರಡು ವಾಯೇಜರ್ ನೌಕೆಗಳನ್ನ ಹಾರಿಸಿತಲ್ಲ, ಅದರೊಳಗೆ ಒಂದು ಚಿನ್ನದ ಲೇಪನದ ರೆಕಾರ್ಡ್ ಇದೆ. ಬೇರೆ ಲೋಕದಲ್ಲಿ ಯಾರಾದರೂ ಇದ್ದರೆ ಕೇಳಲಿ ಅಂತ 55 ಭಾಷೆಗಳ ಶುಭಾಶಯ ಅದರಲ್ಲಿದೆ. ಅದರಲ್ಲಿ ಕನ್ನಡವೂ ಒಂದು. ಅದೇ ರೆಕಾರ್ಡಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದ ಹಾಡೂ ಇದೆ. ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿರೋ ಆ ನೌಕೆಯಲ್ಲಿ ನಮ್ಮ ಭಾಷೆಯೂ ಆ ಹಾಡೂ ಒಟ್ಟಿಗೆ ಪ್ರಯಾಣ ಮಾಡ್ತಿವೆ.

ದೋಣಿಗೆ ವಾಪಸ್ ಬರೋಣ. ಎಲ್ಲರೂ ಹತ್ತಿದ ಮೇಲೆ ಮಾವಿಯ ಕಡೆಗೆ ತಿರುಗಿದೆವು. ಸ್ವಲ್ಪ ದೂರ ಹೋಗೋಷ್ಟರಲ್ಲಿ ಕ್ಯಾಪ್ಟನ್ ಎಂಜಿನ್ ವೇಗ ಇಳಿಸಿದರು, ಆಮೇಲೆ ನಿಲ್ಲಿಸಿಯೇಬಿಟ್ಟರು. ಬಲಗಡೆ ದೂರದಲ್ಲಿ ಬಿಳಿ ಹೊಗೆಯ ಥರ ಒಂದು ಬುಗ್ಗೆ ಎದ್ದಿತು. ಅದರ ಪಕ್ಕದಲ್ಲೇ ಇನ್ನೊಂದು, ಚಿಕ್ಕದು. ತಾಯಿ ಮತ್ತು ಮರಿ.

ಅದು ನೀರಿನ ಕಾರಂಜಿ ಅಲ್ಲ, ಉಸಿರು. ತಿಮಿಂಗಿಲ ಮೀನಲ್ಲ, ನಮ್ಮ ಹಾಗೇ ಶ್ವಾಸಕೋಶ ಇರೋ ಸಸ್ತನಿ. ನೆತ್ತಿಯ ಮೇಲಿನ ಹೊಳ್ಳೆಗಳಿಂದ ಜೋರಾಗಿ ಉಸಿರು ಬಿಟ್ಟಾಗ ಆ ಹಬೆ ಮೇಲೇಳುತ್ತೆ. ದೊಡ್ಡದು ಹತ್ತು-ಹದಿನೈದು ನಿಮಿಷ ನೀರೊಳಗೆ ಇರಬಲ್ಲದು. ಹಸುಗೂಸಿಗೆ ಅಷ್ಟು ದಮ್ಮಿಲ್ಲ. ಮೂರು-ನಾಲ್ಕು ನಿಮಿಷಕ್ಕೊಮ್ಮೆ ಮೇಲೆ ಬರಲೇಬೇಕು. ಹಾಗಾಗಿ ನಾವು ಹೆಚ್ಚು ನೋಡಿದ್ದು ಮರಿಯನ್ನೇ. ಹುಟ್ಟುವಾಗಲೇ ಸುಮಾರು ನಾಲ್ಕು ಮೀಟರ್ ಉದ್ದ, ಒಂದು ಟನ್ ತೂಕ ಇರೋ ಮರಿ ಅದು! ತಾಯಿ ಹದಿಮೂರರಿಂದ ಹದಿನೈದು ಮೀಟರ್. ನಮ್ಮ ಕೆಂಪು ಬಸ್ಸಿಗಿಂತ ಉದ್ದ. ತೂಕ ಸುಮಾರು ಮೂವತ್ತು ಟನ್. ಎದೆಯ ಎರಡು ಪಕ್ಕ ಇರೋ ರೆಕ್ಕೆಗಳೇ ದೇಹದ ಮೂರನೇ ಒಂದು ಭಾಗದಷ್ಟು ಉದ್ದ. ಇದರ ವೈಜ್ಞಾನಿಕ ಹೆಸರು ಮೆಗಾಪ್ಟೆರಾ. ಅಂದ್ರೆ ದೊಡ್ಡ ರೆಕ್ಕೆಯದ್ದು.

ದೋಣಿಯಲ್ಲಿದ್ದವರೆಲ್ಲ ಮೊಬೈಲ್ ಎತ್ತಿದರು. ಆದರೆ ತಿಮಿಂಗಿಲ ದೂರ ಇತ್ತು. ಫೋನಿನ ಪರದೆಯಲ್ಲಿ ಕಪ್ಪು ಚುಕ್ಕೆ ಅಷ್ಟೇ. ಅಕ್ಕನ ಮಗಳು ಕೇಳಿದಳು, "ಇನ್ನೂ ಹತ್ತಿರ ಹೋಗೋಕೆ ಹೇಳಿ ಚಿಕ್ಕಿ." ಇಡೀ ದೋಣಿಯ ಮನಸ್ಸಿನ ಮಾತು ಅದು. ನಾನು ಟಿವಿಯವಳು, ನನಗೆ ಅರ್ಥ ಆಗದೇ ಇರುತ್ತಾ? ನಮ್ಮ ಇಡೀ ವೃತ್ತಿ ನಿಂತಿರೋದೇ 'ಇನ್ನೂ ಹತ್ತಿರ' ಅನ್ನೋ ಮಾತಿನ ಮೇಲೆ. ಮೈಕ್ ಇನ್ನೂ ಹತ್ತಿರ, ಕ್ಯಾಮೆರಾ ಇನ್ನೂ ಹತ್ತಿರ, ಕಣ್ಣೀರಿಗೆ ಇನ್ನೂ ಹತ್ತಿರ.

ಕ್ಯಾಪ್ಟನ್ ನಕ್ಕು ತಲೆ ಅಲ್ಲಾಡಿಸಿದರು. ನೂರು ಗಜ. ಅಂದ್ರೆ ತೊಂಬತ್ತು ಮೀಟರ್ ಚಿಲ್ಲರೆ. ಹವಾಯಿಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಅದಕ್ಕಿಂತ ಹತ್ತಿರ ಹೋಗೋದು ಕಾನೂನುಬಾಹಿರ. ದೋಣಿಗೆ ಮಾತ್ರ ಅಲ್ಲ, ಈಜೋನಿಗೂ ಅದೇ ಕಾನೂನು. ಆಕಾಶದಿಂದ ಆದರೆ ಸಾವಿರ ಅಡಿ. ಬುದ್ಧಿವಂತಿಕೆ ಮಾಡಿ, ತಿಮಿಂಗಿಲ ಹೋಗ್ತಿರೋ ದಾರಿಯ ಮುಂದೆ ಹೋಗಿ ದೋಣಿ ನಿಲ್ಲಿಸಿಕೊಂಡು 'ಅದೇ ಬಂತು ಸಾರ್' ಅನ್ನೋ ಹಾಗೂ ಇಲ್ಲ. ಅದೂ ನಿಷಿದ್ಧ. ತಿಮಿಂಗಿಲವೇ ತಾನಾಗಿ ಹತ್ತಿರ ಬಂದರೆ ಎಂಜಿನ್ ಬಂದ್ ಮಾಡಿ ಸುಮ್ಮನೆ ಇರಬೇಕು.

ಯಾಕೆ ಇಷ್ಟು ಕಟ್ಟುನಿಟ್ಟು? ಇಲ್ಲೇ ಇದೆ ಸ್ವಾರಸ್ಯ. ಮೊಲೊಕಿನಿಯ ನೀರು ತಿಳಿಯಾಗಿತ್ತು ಅಂದೆನಲ್ಲ, ಯಾಕೆ ತಿಳಿ? ಅದರಲ್ಲಿ ಊಟ ಇಲ್ಲ, ಅದಕ್ಕೆ. ಉಷ್ಣವಲಯದ ಬೆಚ್ಚಗಿನ ನೀಲಿ ನೀರಿನಲ್ಲಿ ಪೋಷಕಾಂಶ ಕಡಿಮೆ, ಪ್ಲ್ಯಾಂಕ್ಟನ್ ಅನ್ನೋ ಸೂಕ್ಷ್ಮಜೀವಿಗಳು ಕಡಿಮೆ. ಪ್ಲ್ಯಾಂಕ್ಟನ್ ಜಾಸ್ತಿ ಇದ್ದರೆ ನೀರು ಹಸಿರು ಮಂಕಾಗಿರುತ್ತೆ. ನಮ್ಮಂಥ ಪ್ರವಾಸಿಗಳಿಗೆ ಸ್ವರ್ಗ ಅನ್ನಿಸೋ ಆ ನೀಲಿ ನೀರು ತಿಮಿಂಗಿಲದ ಪಾಲಿಗೆ ಒಲೆ ಹಚ್ಚದ ಮನೆ. ಅದರ ಊಟ ಇರೋದು ಉತ್ತರದ ಅಲಾಸ್ಕದ ತಣ್ಣನೆಯ ಕಡಲಿನಲ್ಲಿ. ಬೇಸಿಗೆಯಲ್ಲಿ ಅಲ್ಲಿ ಸಿಗಡಿಯಂಥ ಕ್ರಿಲ್, ಸಣ್ಣ ಮೀನು ತಿಂದು ಕೊಬ್ಬು ಕಟ್ಟಿಕೊಂಡು, ಚಳಿಗಾಲದಲ್ಲಿ ಸುಮಾರು 4,800 ಕಿಲೋಮೀಟರ್ ಈಜಿ ಹವಾಯಿಗೆ ಬರುತ್ತೆ. ಮರಿ ಹಾಕೋಕೆ, ಜೋಡಿ ಹುಡುಕೋಕೆ. ವಾಪಸ್ ಅಲಾಸ್ಕ ತಲುಪೋವರೆಗೆ ತಿಂಗಳುಗಟ್ಟಲೆ ಬಹುಪಾಲು ಉಪವಾಸ.

ಈಗ ಆ ತಾಯಿಯ ಸ್ಥಿತಿ ಯೋಚನೆ ಮಾಡಿ. ಚಾರ್ಜರ್ ಇಲ್ಲದೆ ದೂರದ ಊರಿಗೆ ಹೊರಟ ಮೊಬೈಲ್ ಅದು. ಇರೋ ಬ್ಯಾಟರಿಯಲ್ಲೇ ಹೋಗಬೇಕು, ಹೆರಬೇಕು, ಗಟ್ಟಿ ಕೊಬ್ಬಿನ ಹಾಲು ಕುಡಿಸಿ ಮರಿಯನ್ನ ಬೆಳೆಸಬೇಕು, ಆ ಮರಿಯನ್ನ ಕರಕೊಂಡು ಅಷ್ಟೇ ದೂರ ವಾಪಸ್ ಈಜಬೇಕು. ಈ ಅವಧಿಯಲ್ಲಿ ದೇಹದ ತೂಕದ ಮೂರನೇ ಒಂದು ಭಾಗದವರೆಗೂ ಕರಗಬಹುದು. ಇಂಥ ತಾಯಿಯನ್ನ ಒಂದು ದೋಣಿ ಅಟ್ಟಿಸಿಕೊಂಡು ಹೋದರೆ ಅದು ಮರಿಯನ್ನ ಎಳಕೊಂಡು ಓಡಬೇಕು. ದಿನಕ್ಕೆ ಹತ್ತು ದೋಣಿ ಬಂದರೆ ಹತ್ತು ಸಲ. ಪ್ರತಿ ಸಲವೂ ಬ್ಯಾಟರಿ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಮರಿ ಪದೇ ಪದೇ ಮೇಲೆ ಬರೋದರಿಂದ ದೋಣಿ ಡಿಕ್ಕಿ ಹೊಡೆಯೋ ಅಪಾಯವೂ ಮರಿಗೇ ಹೆಚ್ಚು. ನಮಗೆ ಸಿಗೋ ಒಂದು ಒಳ್ಳೇ ಸೆಲ್ಫಿಗೆ ಆ ಮರಿ ಕೊಡೋ ಬೆಲೆ ಅದು. ಅಕ್ಕನ ಮಗಳಿಗೆ ಇದನ್ನೇ ಚಿಕ್ಕದಾಗಿ ಹೇಳಿದೆ. "ಅವರಮ್ಮನಿಗೆ ಸುಸ್ತಾಗಿದೆ, ಊಟ ಮಾಡಿಲ್ಲ." ಅವಳಿಗೆ ಥಟ್ಟನೆ ಅರ್ಥ ಆಯ್ತು.

ಈ ನೂರು ಗಜ ಸುಮ್ಮನೆ ಬಂದಿದ್ದಲ್ಲ. ಅದರ ಹಿಂದೆ ದೊಡ್ಡ ರಕ್ತಪಾತ ಇದೆ. ಇಪ್ಪತ್ತನೇ ಶತಮಾನದಲ್ಲಿ ಎಂಜಿನ್ ಹಡಗು, ಸ್ಫೋಟಕ ತುಂಬಿದ ಈಟಿ ಬಂದ ಮೇಲೆ ತಿಮಿಂಗಿಲ ಬೇಟೆ ಕಾರ್ಖಾನೆ ಉದ್ಯಮವಾಯ್ತು. ಹಂಪ್‌ಬ್ಯಾಕ್ ನಿಧಾನವಾಗಿ, ದಡದ ಹತ್ತಿರ ಈಜೋ ಪ್ರಾಣಿ. ಸುಲಭದ ತುತ್ತು. 1966ರಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಅದರ ಬೇಟೆಗೆ ಅಂತರರಾಷ್ಟ್ರೀಯ ನಿಷೇಧ ಬಂದಾಗ ಅಲ್ಲಿ ಉಳಿದಿದ್ದದ್ದು ಒಂದೂವರೆ ಸಾವಿರಕ್ಕಿಂತ ಕಡಿಮೆ ಅನ್ನೋದು ಅಂದಾಜು. ನಿಷೇಧದ ಮಾತು ನಡೀತಿದ್ದಾಗಲೂ ಕಳ್ಳಲೆಕ್ಕ ನಡೀತಿತ್ತು. ದಕ್ಷಿಣ ಗೋಳಾರ್ಧದಲ್ಲಿ ತಾನು ಕೊಂದ ಹಂಪ್‌ಬ್ಯಾಕ್‌ಗಳ ಸಂಖ್ಯೆ 2,710 ಅಂತ ಸೋವಿಯತ್ ಒಕ್ಕೂಟ ವರದಿ ಕೊಟ್ಟಿತ್ತು. ನಿಜವಾದ ಸಂಖ್ಯೆ 48 ಸಾವಿರಕ್ಕೂ ಹೆಚ್ಚು. ಇದು ಹೊರಗೆ ಬಂದದ್ದು ಒಕ್ಕೂಟ ಕುಸಿದ ಮೇಲೆ, 1990ರ ದಶಕದಲ್ಲಿ, ಆ ಹಡಗುಗಳಲ್ಲಿದ್ದ ವಿಜ್ಞಾನಿಗಳೇ ಬಚ್ಚಿಟ್ಟಿದ್ದ ಲೆಕ್ಕ ಹೊರತಂದಾಗ.

ಬೇಟೆ ನಿಂತಿತು. 1992ರಲ್ಲಿ ಅಮೆರಿಕದ ಸಂಸತ್ತು ಹವಾಯಿ ಸುತ್ತಲಿನ ಕಡಲನ್ನ ಹಂಪ್‌ಬ್ಯಾಕ್ ಅಭಯಧಾಮ ಅಂತ ಘೋಷಿಸಿತು. ಆಮೇಲೆ ನಡೆದದ್ದು ಪರಿಸರದ ಸುದ್ದಿಗಳಲ್ಲಿ ಅಪರೂಪಕ್ಕೆ ಸಿಗೋ ಒಳ್ಳೇ ಸುದ್ದಿ. ಉತ್ತರ ಪೆಸಿಫಿಕ್‌ನಲ್ಲಿ ಸಂಖ್ಯೆ 2006ರ ಹೊತ್ತಿಗೆ ಸುಮಾರು 20 ಸಾವಿರ. 2012ರಲ್ಲಿ ಸುಮಾರು 33 ಸಾವಿರ. ಹವಾಯಿಗೆ ಬರೋ ಹಂಪ್‌ಬ್ಯಾಕ್‌ಗಳನ್ನ 2016ರಲ್ಲಿ ಅಮೆರಿಕದ ಅಳಿವಿನಂಚಿನ ಪಟ್ಟಿಯಿಂದಲೇ ಕೈಬಿಟ್ಟರು. ಆದರೆ ನೂರು ಗಜದ ನಿಯಮವನ್ನ ಮಾತ್ರ ಬಿಡಲಿಲ್ಲ.

ಎಣಿಸೋದು ಹೇಗೆ ಅಂತ ಕೇಳ್ತೀರಾ? ಆಧಾರ್ ಕಾರ್ಡ್ ಇದೆಯಾ ಅವಕ್ಕೆ? ಒಂದು ರೀತಿಯಲ್ಲಿ ಇದೆ. ಹಂಪ್‌ಬ್ಯಾಕ್ ಆಳಕ್ಕೆ ಮುಳುಗೋ ಮುಂಚೆ ಬಾಲವನ್ನ ನೀರಿನ ಮೇಲೆ ಎತ್ತುತ್ತೆ. ಬಾಲದ ಕೆಳಭಾಗದ ಕಪ್ಪು-ಬಿಳುಪಿನ ಚಿತ್ತಾರ, ಅಂಚಿನ ಕಚ್ಚುಗಳು ಒಂದರ ಹಾಗೆ ಇನ್ನೊಂದರದ್ದು ಇರೋದಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. 'ಹ್ಯಾಪಿವೇಲ್' ಅನ್ನೋ ಯೋಜನೆಯವರು ವಿಜ್ಞಾನಿಗಳ ಜೊತೆಗೆ ಸಾಮಾನ್ಯ ಪ್ರವಾಸಿಗಳು ತೆಗೆದ ಬಾಲದ ಫೋಟೋಗಳನ್ನೂ ಸೇರಿಸಿಕೊಂಡು, ಮುಖ ಗುರುತಿಸೋ ಸಾಫ್ಟ್‌ವೇರ್ ಥರದ್ದೇ ತಂತ್ರಜ್ಞಾನದಿಂದ ಹೊಂದಿಸಿ ನೋಡುತ್ತಾರೆ. ನೂರು ಗಜದ ಆಚೆಯಿಂದ ಜೂಮ್ ಲೆನ್ಸಿನಲ್ಲಿ ತೆಗೆದ ಫೋಟೋ ಸಾಕು. ಹವಾಯಿಯಲ್ಲಿ ಫೆಬ್ರವರಿಯಲ್ಲಿ ಕಂಡವಳು ಅಲಾಸ್ಕದಲ್ಲಿ ಜುಲೈನಲ್ಲಿ ಕಂಡವಳೇ ಹೌದೋ ಅಲ್ಲವೋ ಅಂತ ಗೊತ್ತಾಗುತ್ತೆ.

ಹೀಗೆ ಎಣಿಸಿದ್ದಕ್ಕೇ ಕೆಟ್ಟ ಸುದ್ದಿಯೂ ಸಿಕ್ಕಿತು. 2014ರಿಂದ 2016ರವರೆಗೆ ಉತ್ತರ ಪೆಸಿಫಿಕ್‌ನಲ್ಲಿ ಕಡಲಿಗೇ ಜ್ವರ ಬಂದ ಹಾಗೆ ನೀರು ಬಿಸಿಯಾಯ್ತು. ಕ್ರಿಲ್, ಸಣ್ಣ ಮೀನು ಕಡಿಮೆಯಾದವು. 33 ಸಾವಿರ ಇದ್ದ ಹಂಪ್‌ಬ್ಯಾಕ್‌ಗಳು 2021ರ ಹೊತ್ತಿಗೆ ಸುಮಾರು 26,600ಕ್ಕೆ ಇಳಿದವು ಅಂತ 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ಹವಾಯಿಗೆ ಬರೋ ಗುಂಪಿನಲ್ಲಿ ಇಳಿಕೆ ಇನ್ನೂ ಹೆಚ್ಚು, ಶೇಕಡಾ 34. ಈಟಿಯಿಂದ ಪಾರಾದವು ಹಸಿವಿಗೆ ಸಿಕ್ಕವು. ಆದರೆ ಒಂದು ಮಾತು ಗಮನಿಸಿ. ಎಣಿಸ್ತಿದ್ದರು, ಅದಕ್ಕೇ ಗೊತ್ತಾಯ್ತು. ಎಣಿಸದೇ ಇದ್ದಿದ್ದರೆ?

ಎಣಿಸದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಅರಬ್ಬಿ ಸಮುದ್ರವೇ ಇದೆ.

ಜಗತ್ತಿನ ಬೇರೆಲ್ಲ ಹಂಪ್‌ಬ್ಯಾಕ್‌ಗಳೂ ಊಟಕ್ಕೆ ತಣ್ಣನೆ ಕಡಲು, ಹೆರಿಗೆಗೆ ಬೆಚ್ಚನೆ ಕಡಲು ಅಂತ ವಲಸೆ ಹೋಗುತ್ತವೆ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳು ಹಾಗೆ ಧ್ರುವದ ಕಡೆಗೆ ಹೋಗೋದಿಲ್ಲ. ವರ್ಷಪೂರ್ತಿ ಇಲ್ಲೇ. ಯಾಕೆ ಗೊತ್ತಾ? ನಮ್ಮ ಮುಂಗಾರು! ಆಗುಂಬೆಗೆ, ಹುಲಿಕಲ್ಲಿಗೆ ಮಳೆ ಸುರಿಸೋ ಅದೇ ನೈಋತ್ಯ ಮಾರುತ ಓಮನ್ ಕರಾವಳಿಯ ಉದ್ದಕ್ಕೂ ಬೀಸುವಾಗ ಮೇಲಿನ ಬಿಸಿ ನೀರನ್ನ ಆಚೆ ತಳ್ಳುತ್ತೆ. ಆ ಜಾಗಕ್ಕೆ ಆಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತೆ. ಪ್ಲ್ಯಾಂಕ್ಟನ್ ಹೆಚ್ಚುತ್ತೆ, ಅದನ್ನ ತಿನ್ನೋ ಮೀನು ಹೆಚ್ಚುತ್ತೆ. ಅಂದ್ರೆ ಹವಾಯಿಯ ತಿಮಿಂಗಿಲಕ್ಕೆ ಅಲಾಸ್ಕದಲ್ಲಿ ಸಿಗೋ ಊಟ ನಮ್ಮ ತಿಮಿಂಗಿಲಕ್ಕೆ ಮನೆ ಬಾಗಿಲಿಗೇ ಬರುತ್ತೆ. ಬಡಿಸೋದು ಮುಂಗಾರು. ಸುಮಾರು 70 ಸಾವಿರ ವರ್ಷದಿಂದ ಇವು ಬೇರೆ ಹಂಪ್‌ಬ್ಯಾಕ್‌ಗಳ ಜೊತೆ ಬೆರೆತಿಲ್ಲ ಅಂತ ವಂಶವಾಹಿ ಅಧ್ಯಯನ ಹೇಳುತ್ತೆ.

ಇಂಥ ಗುಂಪಿನ ಮೇಲೆ 1966ರ ನವೆಂಬರ್‌ನಲ್ಲಿ ಸೋವಿಯತ್ ಬೇಟೆ ಹಡಗುಗಳು ಬಿದ್ದವು. ಓಮನ್, ಪಾಕಿಸ್ತಾನ, ವಾಯವ್ಯ ಭಾರತದ ಕರಾವಳಿಯಾಚೆ ಕೆಲವೇ ದಿನಗಳಲ್ಲಿ ಕೊಂದದ್ದು ಇನ್ನೂರಕ್ಕೂ ಹೆಚ್ಚು. ಆ ಲೆಕ್ಕವೂ ಹೊರಬಂದದ್ದು 90ರ ದಶಕದಲ್ಲೇ. ಉತ್ತರ ಪೆಸಿಫಿಕ್‌ನ ಹಂಪ್‌ಬ್ಯಾಕ್‌ಗೆ ರಕ್ಷಣೆ ಸಿಕ್ಕಿದ ವರ್ಷವೇ ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗೆ ಈ ಗತಿ. ಅರವತ್ತು ವರ್ಷ ಕಳೆಯುತ್ತಾ ಬಂತು. ಪೆಸಿಫಿಕ್‌ನವು ಇಪ್ಪತ್ತು ಪಟ್ಟು ಆದವು. ಇಲ್ಲಿನವು? ಓಮನ್ ಕಡಲಿನಲ್ಲಿ ಬಾಲದ ಫೋಟೋ ಹಿಡಿದು ವಿಜ್ಞಾನಿಗಳು ಲೆಕ್ಕ ಹಾಕಿದಾಗ ಸಿಕ್ಕ ಅಂದಾಜು 82. ಎಂಬತ್ತೆರಡು ಸಾವಿರ ಅಲ್ಲ, ಬರೀ ಎಂಬತ್ತೆರಡು. ಒಂದು ಶಾಲೆಯ ಎರಡು ಸೆಕ್ಷನ್ ಮಕ್ಕಳಷ್ಟು. ಬೇಟೆಯ ಕಾಟ ಈಗ ಇಲ್ಲ. ಆದರೆ ಮೀನಿನ ಬಲೆ ಇದೆ, ಜಗತ್ತಿನಲ್ಲೇ ಅತಿ ಹೆಚ್ಚು ಹಡಗು ಓಡಾಡೋ ದಾರಿಗಳಲ್ಲಿ ಕೆಲವು ಇಲ್ಲೇ ಇವೆ.

ಅದು ಓಮನ್ ಕಥೆ, ನಮಗೇನು ಅಂತೀರಾ? 2017ರ ಕೊನೆಯಲ್ಲಿ ಓಮನ್‌ನಲ್ಲಿ ಒಂದು ಹೆಣ್ಣು ಹಂಪ್‌ಬ್ಯಾಕ್‌ಗೆ ಉಪಗ್ರಹ ಟ್ಯಾಗ್ ಹಾಕಿದರು. ಅವಳ ಹೆಸರು ಲುಬಾನ್. ನಾವು ಧೂಪಕ್ಕೆ ಹಾಕೋ ಲೋಬಾನ ಇದೆಯಲ್ಲ, ಅದೇ ಪದ. ಅವಳು ಇಡೀ ಅರಬ್ಬಿ ಸಮುದ್ರ ದಾಟಿ ಭಾರತದ ದಕ್ಷಿಣ ತುದಿಯವರೆಗೆ ಬಂದಳು, ಆಮೇಲೆ ವಾಪಸ್ ಹೋದಳು. ಟ್ಯಾಗ್ ಹಾಕಿದ ಹಂಪ್‌ಬ್ಯಾಕ್ ಒಂದು ಹೀಗೆ ಈ ಸಮುದ್ರ ದಾಟಿದ್ದು ದಾಖಲಾದದ್ದು ಅದೇ ಮೊದಲು. ಗೋವಾ ಕರಾವಳಿಯಲ್ಲಿ ಸಂಶೋಧಕರು ನೀರೊಳಗೆ ಇಟ್ಟ ಹೈಡ್ರೋಫೋನ್‌ನಲ್ಲಿ ಹಂಪ್‌ಬ್ಯಾಕ್ ಹಾಡು ರೆಕಾರ್ಡ್ ಆಗಿದೆ. ಗೋವಾ ಅಂದ್ರೆ ಕಾರವಾರದ ಪಕ್ಕದ ಮನೆ. ಹಾಡೋನಿಗೆ ರಾಜ್ಯದ ಗಡಿ ಗೊತ್ತಿರುತ್ತಾ?

2018ರಲ್ಲಿ ಕೇಂದ್ರ ಸರ್ಕಾರ ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ಅನ್ನು ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಪುನಶ್ಚೇತನ ಕಾರ್ಯಕ್ರಮಕ್ಕೆ ಸೇರಿಸಿತು. ಒಳ್ಳೇದೇ ಆಯ್ತು. ಆದರೆ ಪಟ್ಟಿಗೆ ಹೆಸರು ಸೇರಿಸೋದು ದೆಹಲಿಯ ಕೆಲಸ, ಪ್ರಾಣಿಯನ್ನ ನೋಡೋದು ಕಡಲಿನ ಮೇಲಿರೋರ ಕೆಲಸ. ಹವಾಯಿಯಲ್ಲಿ ದಿನಾ ನೂರಾರು ಪ್ರವಾಸಿಗಳ ಕಣ್ಣು ನೀರಿನ ಮೇಲಿರುತ್ತೆ. ನಮ್ಮಲ್ಲಿ ಅಷ್ಟು ಪ್ರವಾಸಿ ದೋಣಿ ಇಲ್ಲ. ಬದಲಿಗೆ ಮೀನುಗಾರರಿದ್ದಾರೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರದಿಂದ ಹೊರಟು ದಿನಗಟ್ಟಲೆ ಆಳ ಸಮುದ್ರದಲ್ಲಿ ಇರೋರು. ಅವರಷ್ಟು ಕಡಲು ನೋಡಿದವರು ಯಾವ ವಿಜ್ಞಾನಿಯೂ ಇಲ್ಲ. ಅವರು ಕಂಡದ್ದನ್ನ ಕೇಳಿ ಬರೆದುಕೊಳ್ಳೋರು ಬೇಕು.

ಹಾಗಾಗಿ ಕರಾವಳಿಯ ನಮ್ಮ ವೀಕ್ಷಕರಿಗೆ, ನೇತ್ರಾಣಿಗೆ ಹೋಗೋ ನಮ್ಮ ಹುಡುಗ-ಹುಡುಗಿಯರಿಗೆ ಇಷ್ಟು ಹೇಳ್ತೀನಿ. ಸಮುದ್ರದಲ್ಲಿ ತಿಮಿಂಗಿಲ ಕಂಡರೆ ಎಂಜಿನ್ ನಿಧಾನ ಮಾಡಿ, ಅಟ್ಟಿಸಿಕೊಂಡು ಹೋಗಬೇಡಿ. ದೂರದಿಂದಲೇ ಫೋಟೋ ತೆಗೀರಿ, ಬಾಲ ಎತ್ತಿದರೆ ಬಾಲದ ಕೆಳಭಾಗ ಸಿಗೋ ಹಾಗೆ. ದಿನ, ಹೊತ್ತು, ಜಾಗ ಬರೆದಿಟ್ಟುಕೊಳ್ಳಿ. ಜಿಪಿಎಸ್ ಈಗ ದೋಣಿಯಲ್ಲೂ ಇದೆ, ಜೇಬಿನಲ್ಲೂ ಇದೆ. ಅದನ್ನ ಅರಣ್ಯ ಇಲಾಖೆಗೋ ಮೀನುಗಾರಿಕೆ ಇಲಾಖೆಗೋ ಕಡಲ ಸಂಶೋಧಕರಿಗೋ ತಲುಪಿಸಿ. ದಡಕ್ಕೆ ಬಂದು ಬಿದ್ದ ತಿಮಿಂಗಿಲ ಕಂಡರೆ, ಬದುಕಿರಲಿ ಸತ್ತಿರಲಿ, ಅದರ ಮೇಲೆ ಹತ್ತಿ ನಿಂತು ಫೋಟೋ ಬೇಡ, ಕತ್ತರಿಸೋದಂತೂ ಬೇಡವೇ ಬೇಡ. ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ. ಇಂಥ ಸಂದರ್ಭದಲ್ಲಿ ಏನು ಮಾಡಬೇಕು ಅಂತ 2021ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಾರ್ಗಸೂಚಿಯನ್ನೇ ಹೊರಡಿಸಿದೆ.

ಮತ್ತೆ ನಮ್ಮಂಥ ಚಾನೆಲ್‌ನವರಿಗೂ ಒಂದು ಫೋನ್ ಮಾಡಿ. ಬರೋ ಮುಂಗಾರಿನಲ್ಲಿ ಕಡಲು ಉಕ್ಕುವಾಗ, ದಡದಲ್ಲಿ ನಿಂತು 'ಅಲೆಗಳ ಅಬ್ಬರ' ಅಂತ ವರದಿ ಮಾಡೋ ನಮ್ಮ ಹುಡುಗರಿಗೆ ನಾನು ಹೇಳಿಟ್ಟಿರ್ತೀನಿ. ಆ ಅಬ್ಬರದ ಆಚೆ, ಓಮನ್ ಕಡೆಯಲ್ಲಿ, ಅದೇ ಮಳೆಗಾಳಿಯ ಕೃಪೆಯಲ್ಲಿ ಎಂಬತ್ತು ಚಿಲ್ಲರೆ ಜೀವಗಳು ಊಟಕ್ಕೆ ಕೂತಿವೆ. ಅದರಲ್ಲಿ ಒಂದು ಈ ವರ್ಷ ನಮ್ಮ ಕಡೆಗೆ ಹೊರಟರೆ, ಬಂತು ಅನ್ನೋದಾದರೂ ನಮಗೆ ಗೊತ್ತಾಗಬೇಕು.